9ನೇ ಶತಮಾನದ ಮಗುವಿನ ಅಂಗಿಗೆ ಕಾರ್ಡ್ ನೇಯ್ಗೆಯ ಪಟ್ಟಿ: ಸುರುಳಿ ಸುತ್ತುತ್ತದೆ, ಎಂತ ಮಾಡುವುದು?

ಸೂಜಿದಾರ, ಉಡುಪಿ

ಎಲ್ಲರಿಗೂ ನಮಸ್ಕಾರ. ಮಣಿಪಾಲದಲ್ಲಿ ಕಾಲೇಜು ಮಕ್ಕಳು ನಡೆಸುವ ಇತಿಹಾಸ ಪ್ರದರ್ಶನಕ್ಕೆ ಆರು ವರ್ಷದ ಮಗುವಿನ ಅಂಗಿಯೊಂದು ತಯಾರಾಗಬೇಕು. ಕಾಲ 9ನೇ ಶತಮಾನ, ಜಾಗ ಸ್ವೀಡನ್, ನಾರ್ವೆ ಕಡೆ. ಗಾಜಿನ ಪೆಟ್ಟಿಗೆಯಲ್ಲಿ ಇಡಲಿಕ್ಕಲ್ಲ. ಮಗುವೊಂದು ಹಾಕಿಕೊಂಡು ಎರಡು ಮೂರು ಗಂಟೆ ಓಡಾಡುತ್ತದೆ.

ಅಂಗಿಗೆ ಕಾರ್ಡ್ ನೇಯ್ಗೆಯ ಪಟ್ಟಿ ಹಚ್ಚಬೇಕೆಂದು ಉಂಟು. ಇದರ ಪರಿಚಯ ಇಲ್ಲದವರಿಗೆ: ನಾಲ್ಕು ಮೂಲೆಗೆ ನಾಲ್ಕು ತೂತಿರುವ ಚೌಕ ಕಾರ್ಡುಗಳಲ್ಲಿ ಹಾಸಿನ (ಉದ್ದಕ್ಕೆ ಬರುವ) ನೂಲು ಪೋಣಿಸಿ, ಎಲ್ಲ ಕಾರ್ಡುಗಳನ್ನೂ ಒಟ್ಟಿಗೆ ಕಾಲು ಸುತ್ತು ತಿರುಗಿಸಿ, ತೆರೆದ ಸಂದಿನಲ್ಲಿ ಹೊಕ್ಕು (ಅಡ್ಡ ನೂಲು) ದಾಟಿಸುವುದು. ಮಗ್ಗ ಬೇಡ.

ಈಗಿನ ಸ್ಥಿತಿ ಹೀಗೆ: ಇಸ್ಪೀಟ್ ಎಲೆ ಕತ್ತರಿಸಿ ಮಾಡಿದ 14 ಕಾರ್ಡು, ಕ್ರೋಶಾ ಹಾಕುವ ಹತ್ತಿ ನೂಲು, ಎಲ್ಲ ಕಾರ್ಡಿಗೂ ಎಡಗಡೆಯಿಂದಲೇ ನೂಲು ಪೋಣಿಸಿದೆ, ತಿರುಗಿಸುವುದು ಯಾವಾಗಲೂ ಮುಂದಕ್ಕೆ. ತೊಂದರೆ ಮೂರು. ಬಿಗಿ ಬಿಟ್ಟ ಕೂಡಲೇ ಪಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ಕಾರ್ಡುಗಳ ಹಿಂದೆ ನೂಲು ಗಂಟುಗಟ್ಟಿ, ಸ್ವಲ್ಪ ಹೊತ್ತಿನ ಮೇಲೆ ಕಾರ್ಡು ತಿರುಗುವುದೇ ಇಲ್ಲ. ಅಗಲ ಶುರುವಿನಲ್ಲಿ 17 ಮಿ.ಮೀ. ಇದ್ದದ್ದು ಒಂದು ಗೇಣು ಕಳೆಯುವಷ್ಟರಲ್ಲಿ 12ಕ್ಕೆ ಇಳಿದಿದೆ.

ಇನ್ನೂ ಕೆಲವು ಪ್ರಶ್ನೆ. ಕಿನ್ನಿಗೋಳಿ ಕಡೆ ಉಡುಪಿ ಸೀರೆಗೆ ಬಳಸುವ ನೂಲು ಇದಕ್ಕೆ ಆಗುತ್ತದೆಯೇ? ಅಂಗಿ ಉಣ್ಣೆಯದ್ದಾಗಬೇಕೋ, ಇಲ್ಲಿನ ಸೆಕೆಗೆ ಲಿನನ್ ನಡೆಯುತ್ತದೋ? ಪಟ್ಟಿ ಎಲ್ಲೆಲ್ಲಿ ಬರಬೇಕು, ಎಷ್ಟು ಅಗಲ? ಇಂಟರ್ನೆಟ್ಟಿನಲ್ಲಿ ಸಿಗುವ ಟಗರಿನ ಕೊಂಬಿನ ವಿನ್ಯಾಸ ಹಾಕಿ, ಕೆಳಗಿನ ಅಂಚಿಗೂ ಸುತ್ತ ಹೊಲಿಯಬೇಕೆಂದು ಮಕ್ಕಳ ಆಸೆ.

ಲಾಳಿ, ಕಿನ್ನಿಗೋಳಿ

ಮೊದಲು ಸುರುಳಿ. ಪ್ರತಿ ಕಾರ್ಡೂ ತಿರುಗುವಾಗ ತನ್ನ ನಾಲ್ಕು ಎಳೆಗಳನ್ನು ಒಂದು ಹುರಿಯಾಗಿ ಹೊಸೆಯುತ್ತದೆ. ಪಟ್ಟಿ ಅಂದರೆ ಪಕ್ಕಪಕ್ಕ ಕೂತ 14 ಹುರಿ, ಅವನ್ನು ಹಿಡಿದಿಟ್ಟಿರುವುದು ಹೊಕ್ಕು. ನಿಮ್ಮ ಕಾರ್ಡುಗಳಿಗೆಲ್ಲ ಒಂದೇ ಕಡೆಯಿಂದ ನೂಲು ಹೋಗಿದೆ, ಒಂದೇ ದಿಕ್ಕಿಗೆ ತಿರುಗಿದೆ. ಹಾಗಾಗಿ ಹದಿನಾಲ್ಕೂ ಹುರಿ ಒಂದೇ ಕಡೆಗೆ ಬಿಚ್ಚಿಕೊಳ್ಳಲು ನೋಡುತ್ತವೆ, ಪಟ್ಟಿಯನ್ನೂ ಎಳೆದುಕೊಂಡು ಹೋಗುತ್ತವೆ. ಅರ್ಧ ಕಾರ್ಡುಗಳ ಹುರಿ ಎಡಕ್ಕೆ, ಅರ್ಧದ್ದು ಬಲಕ್ಕೆ ಇದ್ದರೆ ಒಂದರ ಎಳೆತವನ್ನು ಇನ್ನೊಂದು ತಡೆಯುತ್ತದೆ. ಪಟ್ಟಿ ನೆಟ್ಟಗೆ ಮಲಗುತ್ತದೆ.

ಇದಕ್ಕೆ ನೂಲು ಕತ್ತರಿಸಿ ಮತ್ತೆ ಪೋಣಿಸಬೇಕೆಂದಿಲ್ಲ. ಬಿಗಿ ಸ್ವಲ್ಪ ಸಡಿಲಿಸಿ, 8ರಿಂದ 14ರ ತನಕದ ಕಾರ್ಡುಗಳನ್ನು ಒಂದೊಂದಾಗಿ ಪುಸ್ತಕದ ಹಾಳೆ ಮಗುಚಿದ ಹಾಗೆ ಎಡದಿಂದ ಬಲಕ್ಕೆ ಮಗುಚಿ. ಎಡಗಡೆಯಿಂದ ಹೋಗುತ್ತಿದ್ದ ನೂಲು ಈಗ ಬಲಗಡೆಯಿಂದ ಹೋದಂತಾಗುತ್ತದೆ. ಈಗಾಗಲೇ ನೇಯ್ದ ಭಾಗ ಸುರುಳಿಯಾಗಿಯೇ ಉಳಿಯುತ್ತದೆ. ಅದನ್ನು ಒದ್ದೆ ಮಾಡಿ ಹಲಗೆಗೆ ಪಿನ್ನು ಹೊಡೆದು ಒಣಗಿಸಿದರೆ ಕಣ್ಣಿಗೆ ಚಪ್ಪಟೆಯಾಗಿ ಕಾಣುತ್ತದೆ, ಆದರೆ ಅಂಗಿಗೆ ಹೊಲಿದ ಮೇಲೆ ಬಟ್ಟೆ ಅಲೆ ಅಲೆಯಾಗುತ್ತದೆ. ಅಷ್ಟು ಭಾಗವನ್ನು ಕತ್ತರಿಸಿ ಬಿಡುವುದೇ ಲೇಸು.

ಹಿಂದೆ ಗಂಟುಗಟ್ಟುವುದು ಬೇರೆ ತೊಂದರೆಯಲ್ಲ, ಅದರದ್ದೇ ಇನ್ನೊಂದು ಮುಖ. ಕಾರ್ಡಿನ ಮುಂದೆ ನೇಯ್ಗೆಗೆ ಎಷ್ಟು ಹುರಿ ಬೀಳುತ್ತದೋ ಅಷ್ಟೇ ಹುರಿ ಹಿಂದೆ ವಿರುದ್ಧ ದಿಕ್ಕಿನಲ್ಲಿ ಕೂಡುತ್ತದೆ. ಈ ದಪ್ಪದ ನೂಲಿಗೆ ಸೆಂಟಿಮೀಟರಿಗೆ ಸುಮಾರು 6 ಹೊಕ್ಕು ಕೂರುತ್ತದೆ. ಒಂದು ಮೀಟರಿಗೆ 600 ಕಾಲು ಸುತ್ತು, ಅಂದರೆ 150 ಪೂರ್ತಿ ಸುತ್ತು. ಅಷ್ಟೂ ಹಿಂದೆ ಉಳಿದ ನೂಲಿನಲ್ಲಿ ತುಂಬಿದರೆ ಕಾರ್ಡು ಎಲ್ಲಿ ತಿರುಗೀತು? ಒಂದೇ ದಿಕ್ಕಿಗೆ ನೇಯುವುದಾದರೆ ಆಗಾಗ ಹಿಂದಿನ ಗಂಟು ಬಿಚ್ಚಿ ಬಾಚಬೇಕು. ಸುಲಭದ ದಾರಿ ಬೇಕಾದರೆ 8 ಸಲ ಮುಂದಕ್ಕೆ, 8 ಸಲ ಹಿಂದಕ್ಕೆ ತಿರುಗಿಸಿ. ಹುರಿ ಹಿಂದೆ ಕೂಡಿದಷ್ಟೇ ಬಿಚ್ಚಿಕೊಳ್ಳುತ್ತದೆ. ದಿಕ್ಕು ಬದಲಾಗುವ ಕಡೆ ಹಾಸು ಒಂದು ಹೊಕ್ಕಿನಷ್ಟು ಉದ್ದಕ್ಕೆ ಸಡಿಲವಾಗಿ ಮೇಲೆ ಕಾಣುತ್ತದೆ. ಅದು ತಪ್ಪಲ್ಲ. ಅಲ್ಲಿ ಹೊಕ್ಕನ್ನು ಸ್ವಲ್ಪ ಗಟ್ಟಿ ಬಡಿಯಿರಿ, ಸಾಕು.

ಅಗಲ ಕುಗ್ಗುವುದು ಕೈಯ ಬಿಗಿಯಿಂದ. ಹೊಕ್ಕು ದಾಟಿಸಿದ ಕೂಡಲೇ ಎಳೆಯಬೇಡಿ. ಅಂಚಿನಲ್ಲಿ ಸಣ್ಣ ಕುಣಿಕೆ ಬಿಡಿ, ಕಾರ್ಡು ತಿರುಗಿಸಿ, ಮರದ ಅಡಿಪಟ್ಟಿಯ ಅಂಚಿನಿಂದ ಬಡಿಯಿರಿ, ಆಮೇಲೆ ಕುಣಿಕೆ ಮಾಯವಾಗುವಷ್ಟೇ ಎಳೆಯಿರಿ. ಪಕ್ಕದ ಎರಡು ಹುರಿ ಒಂದಕ್ಕೊಂದು ತಾಗಬೇಕು, ಒಂದರ ಮೇಲೊಂದು ಏರಬಾರದು. ನಡುವೆ ಹೊಕ್ಕಿನ ಬಣ್ಣ ಕಂಡರೆ ಸಡಿಲ, ಹುರಿಗಳು ಉಬ್ಬಿ ನಿಂತರೆ ಬಿಗಿ. 14 ಮಿ.ಮೀ. ಅಗಲದ ಒಂದು ಕಾಗದದ ಚೂರು ಪಕ್ಕದಲ್ಲಿಟ್ಟು, 5 ಸೆಂ.ಮೀ.ಗೊಮ್ಮೆ ಇಟ್ಟು ನೋಡಿ. ಹೊಕ್ಕಿನ ನೂಲಿಗೆ ಅಂಚಿನ ಕಾರ್ಡಿನ ಬಣ್ಣವನ್ನೇ ಬಳಸಿ. ತಿರುವಿನಲ್ಲಿ ಅದು ಚುಕ್ಕೆ ಚುಕ್ಕೆಯಾಗಿ ಕಾಣದೆ ಅಂಚಿನೊಳಗೆ ಅಡಗುತ್ತದೆ.

ವಿನ್ಯಾಸಕ್ಕೆ ಒಂದು ಸರಳ ಹಾಸು ಕೊಡುತ್ತೇನೆ. 1 ಮತ್ತು 14ನೇ ಕಾರ್ಡಿನ ನಾಲ್ಕೂ ತೂತಿಗೆ ನೀಲಿ. ಉಳಿದ 12 ಕಾರ್ಡುಗಳಲ್ಲಿ ಪಕ್ಕಪಕ್ಕದ ಎರಡು ತೂತಿಗೆ ಕೆಂಪು, ಮತ್ತೆರಡಕ್ಕೆ ಬಿಳಿ. ತೂತುಗಳಿಗೆ ಗಡಿಯಾರದ ಸುತ್ತಿನಂತೆ ಅ, ಆ, ಇ, ಈ ಎಂದು ಗುರುತು ಹಾಕಿ: ಅ–ಆ ಕೆಂಪು, ಇ–ಈ ಬಿಳಿ. 1ರಿಂದ 7ರವರೆಗೆ ನೂಲು ಎಡಗಡೆಯಿಂದ, 8ರಿಂದ 14ರವರೆಗೆ ಬಲಗಡೆಯಿಂದ. ಆಮೇಲೆ 2ನೇ ಕಾರ್ಡು ಇದ್ದ ಹಾಗೆ ಇರಲಿ, 3ನೆಯದನ್ನು ಕಾಲು ಸುತ್ತು ಮುಂದೆ ಇಡಿ, 4ನೆಯದನ್ನು ಅರ್ಧ ಸುತ್ತು, ಹೀಗೆ 7ರ ತನಕ. 8ರಿಂದ 13ರ ತನಕ ಅದರದ್ದೇ ಕನ್ನಡಿ: 8ರ ಬಣ್ಣ 7ರಂತೆ, 9ರದ್ದು 6ರಂತೆ ಮೇಲೆ ಬರಬೇಕು. ಮುಂದಕ್ಕೆ ತಿರುಗಿಸಿದರೆ ಬಾಣದ ಮೊನೆಯಂಥ ಪಟ್ಟೆ ಬರುತ್ತದೆ, 8–8ರಂತೆ ಹಿಂದೆ ಮುಂದೆ ಮಾಡಿದರೆ ಮೊನೆಗಳು ಎದುರುಬದುರಾಗಿ ವಜ್ರಾಕಾರ ಕೂಡುತ್ತದೆ. ಓರೆಗೆರೆ ನುಣುಪಾಗಿ ಬರದೆ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ, ವಿನ್ಯಾಸದ ಓರೆಯೂ ಹುರಿಯ ಓರೆಯೂ ವಿರುದ್ಧವಾಗಿವೆ ಎಂದರ್ಥ. ಆಗ ಬಣ್ಣಗಳ ಕ್ರಮ ಹಾಗೆಯೇ ಇರುವಂತೆ ನೋಡಿಕೊಂಡು ಎಲ್ಲ ಕಾರ್ಡುಗಳನ್ನೂ ಮಗುಚಿಬಿಡಿ.

ಲೆಕ್ಕ: ಮುಗಿದ ಪಟ್ಟಿ 1.1 ಮೀಟರ್ ಬೇಕು ಎಂದಿಟ್ಟುಕೊಳ್ಳೋಣ. ಹುರಿಯಾಗುವಾಗ ಹಾಸು ಶೇ. 15ರಷ್ಟು ಕುಗ್ಗುತ್ತದೆ, ಆದ್ದರಿಂದ 1.3 ಮೀ. ಶುರುವಿನ ಗಂಟಿಗೆ 15 ಸೆಂ.ಮೀ., ಕೊನೆಯಲ್ಲಿ ಕಾರ್ಡು ತಿರುಗಲು ಜಾಗ ಸಾಲದೆ ನೇಯಲಾಗದ ಭಾಗ 45 ಸೆಂ.ಮೀ. ಒಟ್ಟು 1.9 ಆಯಿತು, 2 ಮೀಟರಿಗೆ ಕತ್ತರಿಸಿ. 14 ಕಾರ್ಡಿಗೆ 56 ಎಳೆ, 112 ಮೀಟರ್ ಹಾಸು. ಹೊಕ್ಕಿಗೆ 12 ಮೀಟರ್ ಧಾರಾಳ.

ಸೀರೆಯ ನೂಲು ಹಾಗೆಯೇ ಬಳಸಲಿಕ್ಕೆ ಆಗುವುದಿಲ್ಲ. 80 ಕೌಂಟಿನ (ಕೌಂಟ್ ಹೆಚ್ಚಾದಷ್ಟೂ ನೂಲು ಸಪೂರ) ಒಂಟಿ ಎಳೆ ಕಾರ್ಡಿನ ತೂತಿನ ಉಜ್ಜಾಟಕ್ಕೆ ನಿಲ್ಲದು. ಅಂಥ 8 ಎಳೆ ಸೇರಿಸಿ ಹೊಸೆದರೆ 10 ಕೌಂಟಿನ ನೂಲಿನ ದಪ್ಪವಾಗುತ್ತದೆ, ಅದು ಸರಿಯಾದ ದಪ್ಪ. ಆದರೆ ಅಷ್ಟು ಕೆಲಸ ಯಾಕೆ? 2/20 ಅಂತ ಕೇಳಿದರೆ ಎರಡೆಳೆ ಹೊಸೆದ ನೂಲೇ ಸಿಗುತ್ತದೆ, ಅದೂ 10 ಕೌಂಟಿನಷ್ಟೇ ದಪ್ಪ. ಗ್ರಾಮಿಗೆ ಸುಮಾರು 17 ಮೀಟರ್ ಬರುವುದರಿಂದ 112 ಮೀಟರಿಗೆ ಏಳು ಗ್ರಾಂ ಸಾಕು. ಒಂದು ಸಣ್ಣ ಲಡಿಯಲ್ಲಿ ಇಂಥ ಎಷ್ಟೋ ಪಟ್ಟಿ ನೇಯಬಹುದು.

ಕಾರ್ಡಿನ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ರಟ್ಟಿನ ಕಾರ್ಡು ತೇವ ಹೀರಿ ಬಾಗುತ್ತದೆ, ತೂತಿನ ಬಾಯಿ ಹಿಂಜಿಕೊಳ್ಳುತ್ತದೆ. ಪೂರ್ತಿ ಪ್ಲಾಸ್ಟಿಕ್ಕಿನ ಇಸ್ಪೀಟ್ ಎಲೆ ತಗೊಳ್ಳಿ. 55 ಮಿ.ಮೀ. ಚೌಕ, ಮೂಲೆ ದುಂಡಗೆ, ಅಂಚಿನಿಂದ 9 ಮಿ.ಮೀ. ಒಳಗೆ ಪಂಚಿಂಗ್ ಯಂತ್ರದ ತೂತು. ತೂತಿನ ಬಾಯಿಯನ್ನು ನುಣುಪು ಮರಳು ಕಾಗದದಿಂದ ತೀಡಿ. ರಾತ್ರಿ ಕೆಲಸ ಬಿಡುವಾಗ ಬಿಗಿ ಸಡಿಲಿಸಿ, ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಹಾಕಿಡಿ.

ಕತ್ತರಿ, ಕುದ್ರೋಳಿ

ಅಂಗಿಯ ಅಳತೆ ನಾನು ಕೊಡುತ್ತೇನೆ. ಎತ್ತರ 115, ಎದೆ 58, ತಲೆ ಸುತ್ತಳತೆ 52 ಸೆಂ.ಮೀ. ಇರುವ ಮಗುವಿಗೆ ಇದು. ನಿಮ್ಮ ಮಗುವಿನ ತಲೆ ಮಾತ್ರ ತಪ್ಪದೆ ಅಳೆಯಿರಿ, ಉಳಿದದ್ದು ಸಡಿಲವೇ ಇರುವುದರಿಂದ ಹೊಂದಿಕೊಳ್ಳುತ್ತದೆ.

ಆ ಕಾಲದ ಅಂಗಿಯ ಕತ್ತರಿಕೆಯಲ್ಲಿ ಬಟ್ಟೆ ಹಾಳಾಗುವುದೇ ಇಲ್ಲ, ಎಲ್ಲವೂ ಚೌಕ, ಆಯತ, ತ್ರಿಕೋನ. ಮೈಗೆ ಒಂದೇ ಆಯತ: ಅಗಲ 39, ಉದ್ದ 162. ಭುಜದಲ್ಲಿ ಮಡಿಕೆ, ಹೊಲಿಗೆ ಇಲ್ಲ. ಮುಂದೆ ಹಿಂದೆ ತಲಾ 81 ಸೆಂ.ಮೀ. ಬರುತ್ತದೆ: ಅಂಗಿಯ ಉದ್ದ 70, ಸೊಂಟದ ಟಕ್ಕಿಗೆ 8, ಕೆಳಗಿನ ಮಡಿಕೆಗೆ 3. ತೋಳು ಎರಡು, ತಲಾ 33 ಅಗಲ, 40 ಉದ್ದ, ಮಣಿಕಟ್ಟಿನಲ್ಲಿ ಮುಗಿದ ಮೇಲೆ 18 ಇರುವಂತೆ ಓರೆ. ಕಂಕುಳ ಚೌಕ ಎರಡು, 11 x 11. ಪಕ್ಕದ ತ್ರಿಕೋನಕ್ಕೆ 22 x 39ರ ಎರಡು ಆಯತ, ಪ್ರತಿಯೊಂದನ್ನೂ ಮೂಲೆಯಿಂದ ಮೂಲೆಗೆ ಕತ್ತರಿಸಿ.

ಎಡವುವುದು ಈ ತ್ರಿಕೋನದಲ್ಲಿ. ಎರಡು ಅರ್ಧಗಳಲ್ಲಿ ಒಂದನ್ನು ಮಗುಚಿ, ನೇರ ಅಂಚಿಗೆ ನೇರ ಅಂಚು ಸೇರಿಸಿ ಹೊಲಿಯಬೇಕು. ಹೊರಗೆ ಉಳಿಯುವ ಎರಡು ಓರೆ ಅಂಚು ಮೈಯ ನೇರ ಅಂಚಿಗೆ ಬರುತ್ತದೆ. ಓರೆಗೆ ಓರೆ ಹೊಲಿದರೆ ತೂಕಕ್ಕೆ ಜೋತು ಹಿಗ್ಗುತ್ತದೆ, ಓರೆಗೆ ನೇರ ಹೊಲಿದರೆ ನೇರ ಅಂಚು ಹಿಡಿದು ನಿಲ್ಲಿಸುತ್ತದೆ. ಒಂದು ಮುಖಕ್ಕೆ ಮಾತ್ರ ಬಣ್ಣ ಇರುವ ಬಟ್ಟೆಯಲ್ಲಿ ಮಗುಚಲು ಬರುವುದಿಲ್ಲ, ಆದ್ದರಿಂದ ಎರಡೂ ಮುಖ ಒಂದೇ ಇರುವ ಬಟ್ಟೆ ತನ್ನಿ. ತ್ರಿಕೋನದ ತುದಿ ಕೆಳಗಿನ ಅಂಚಿನಿಂದ 35 ಸೆಂ.ಮೀ. ಮೇಲೆ ಬರಲಿ. ಅದರ ಓರೆ ಅಂಚು 35ಕ್ಕಿಂತ ಉದ್ದ ಇರುವುದರಿಂದ ಕೆಳಗೆ ಒಂದಿಷ್ಟು ಮಿಗುತ್ತದೆ. ತುದಿಯಿಂದ ಕೆಳಕ್ಕೆ ಹೊಲಿಯುತ್ತಾ ಬನ್ನಿ, ಒಂದು ರಾತ್ರಿ ಹ್ಯಾಂಗರಿಗೆ ನೇತು ಹಾಕಿ, ಬೆಳಿಗ್ಗೆ ಮಿಕ್ಕದ್ದನ್ನು ಸುತ್ತ ಸಮ ಮಾಡಿ. ತುದಿಯಲ್ಲಿ ಹೊಲಿಗೆ ಒಂದೂವರೆ ಸೆಂಟಿಮೀಟರ್ ಮೊದಲೇ ನಿಲ್ಲಿಸದಿದ್ದರೆ ಅಲ್ಲಿ ಬಟ್ಟೆ ಚುಂಗಾಗಿ ಎದ್ದು ನಿಲ್ಲುತ್ತದೆ.

ಟಕ್ಕು ಸೊಂಟದ ಹತ್ತಿರ, ತ್ರಿಕೋನದ ತುದಿಗಿಂತ ಸ್ವಲ್ಪ ಮೇಲೆ. 4 ಸೆಂ.ಮೀ. ಆಳದ ಮಡಿಕೆ ಒಳಗಡೆಗೆ, ಉದ್ದುದ್ದ ಕೈಹೊಲಿಗೆ. ನಮ್ಮಲ್ಲಿ ಹುಡುಗಿಯರ ಲಂಗಕ್ಕೆ ಟಕ್ಕು ಹಿಡಿದು ವರ್ಷ ಕಳೆದ ಹಾಗೆ ಬಿಚ್ಚುತ್ತಾರಲ್ಲ, ಅದೇ ಕೆಲಸ. ಮೇಲೆ ಬೆಲ್ಟು ಕಟ್ಟಿದರೆ ಕಾಣುವುದೂ ಇಲ್ಲ.

ಕೊರಳು ದುಂಡಗೆ ಕತ್ತರಿಸಬೇಡಿ. ಸುತ್ತಳತೆ 36 ಇರುವ ದುಂಡು ಕೊರಳಿಗೆ 1.4 ಸೆಂ.ಮೀ. ಅಗಲದ ಪಟ್ಟಿ ಹಚ್ಚಿದರೆ ಪಟ್ಟಿಯ ಹೊರ ಅಂಚಿಗೆ ಸುಮಾರು 45 ಸೆಂ.ಮೀ. ಬೇಕು, ಒಳ ಅಂಚಿಗೆ 36. ಕಾರ್ಡ್ ನೇಯ್ಗೆಯ ಪಟ್ಟಿ ಆ 9 ಸೆಂ.ಮೀ. ವ್ಯತ್ಯಾಸಕ್ಕೆ ಬಗ್ಗುವುದೇ ಇಲ್ಲ, ಒಳ ಅಂಚು ಎದ್ದು ಮಗುವಿನ ಕತ್ತಿಗೆ ಉಜ್ಜುತ್ತದೆ. ಚೌಕ ಕೊರಳು ಮಾಡಿ: 12 ಅಗಲ, 6 ಆಳ, ಮುಂದೆ ನಡುವಿನಲ್ಲಿ 9 ಸೆಂ.ಮೀ. ಸೀಳು. ತೆರೆದಾಗ 36 ಮತ್ತು 18, ಒಟ್ಟು 54 ಆಗುವುದರಿಂದ 52ರ ತಲೆ ಆರಾಮವಾಗಿ ಹೋಗುತ್ತದೆ. ಪಟ್ಟಿಯನ್ನು ಮೂಲೆಯಲ್ಲಿ ಓರೆಯಾಗಿ (45 ಡಿಗ್ರಿಗೆ) ಮಡಚಿ ಕೂರಿಸಿ. ಕೊರಳಿಗೆ 47, ಸೀಳಿನ ಎರಡೂ ಬದಿಗೆ 18, ತೋಳಿನ ಬಾಯಿಗೆ 36, ತುದಿ ಮಡಚಲು 9. ಲಾಳಿಯಣ್ಣ ಹೇಳಿದ 1.1 ಮೀಟರಿಗೆ ಸರಿಯಾಯಿತು.

ಬಟ್ಟೆ 44 ಇಂಚು ಅಗಲದ ಲಿನನ್ 2 ಮೀಟರ್. 1.65 ಮೀಟರಿನಲ್ಲಿ ಎಲ್ಲ ಕೂರುತ್ತದೆ, ಆದರೆ ಲಿನನ್ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ಒಗೆದು, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಹಾಕಿ. ಪಟ್ಟಿಯನ್ನೂ ನೆನೆಸಿ ಒಣಗಿಸಿ ಆಮೇಲೆ ಹೊಲಿಯಿರಿ. ಬಟ್ಟೆ ಒಂದಳತೆ, ಪಟ್ಟಿ ಒಂದಳತೆ ಕುಗ್ಗಿದರೆ ಎಷ್ಟೇ ಇಸ್ತ್ರಿ ಹಾಕಿದರೂ ಸುಕ್ಕು ಹೋಗದು.

ಹಳೆಬಟ್ಟೆ, ಮಣಿಪಾಲ

ಕತ್ತರಿಯವರ ಅಳತೆ ಚೆನ್ನಾಗಿದೆ. ಕಾಲ ದೇಶದ ವಿಷಯದಲ್ಲಿ ಕೆಲವು ಮಾತು ಸೇರಿಸುತ್ತೇನೆ, ಪ್ರದರ್ಶನದ ಫಲಕ ಬರೆಯುವಾಗ ಬೇಕಾಗುತ್ತದೆ.

ಆ ಕಾಲದ ಉತ್ತರದ ಗೋರಿಗಳಲ್ಲಿ ಬಟ್ಟೆ ಉಳಿದಿರುವುದು ಬಹುಪಾಲು ಚೂರುಗಳಾಗಿ. ಕಂಚಿನ ಬ್ರೂಚಿಗೆ ಅಂಟಿಕೊಂಡ ಭಾಗ ಮಾತ್ರ ಉಳಿಯುತ್ತದೆ, ಲೋಹದ ಲವಣ ಕೊಳೆಯಿಸುವ ಜೀವಾಣುಗಳನ್ನು ತಡೆಯುವುದರಿಂದ. ಸ್ವೀಡನ್ನಿನ ಬಿರ್ಕಾ ಎಂಬ ವೈಕಿಂಗ್ ಕಾಲದ ಪೇಟೆಯಲ್ಲಿ 19ನೇ ಶತಮಾನದ ಕೊನೆಗೆ ಹ್ಯಾಲ್ಮಾರ್ ಸ್ಟೋಲ್ಪೆ ಅಗೆದ ಗೋರಿಗಳಲ್ಲಿ ಆರು ವರ್ಷದ ಆಸುಪಾಸಿನ ಹುಡುಗಿಯದ್ದೊಂದು ಉಂಟು. ಚಿನ್ನದ ಲೇಪದ ದುಂಡು ಬ್ರೂಚು, ಗಾಜಿನ ಮಣಿ, ಎಲುಬಿನ ಸೂಜಿಗೂಡು ಅವಳ ಜೊತೆ ಇತ್ತು. ಈಗ ಸ್ಟಾಕ್‌ಹೋಮಿನ ಇತಿಹಾಸ ಸಂಗ್ರಹಾಲಯದಲ್ಲಿದೆ. ನಿಮ್ಮ ಮಗುವಿನ ವಯಸ್ಸಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ: ಕೊರಳ ಹತ್ತಿರ ಒಂದೇ ಬ್ರೂಚು, ನಾಲ್ಕಾರು ಗಾಜಿನ ಮಣಿ, ಸೊಂಟದಲ್ಲಿ ಒಂದು ಸೂಜಿಗೂಡು ಇಡಿ. ದೊಡ್ಡ ಹೆಂಗಸರ ಜೋಡಿ ಮೊಟ್ಟೆಯಾಕಾರದ ಬ್ರೂಚು ಬೇಡ.

ಪಟ್ಟಿಯ ಅಗಲದ ಪ್ರಶ್ನೆಗೂ ಬಿರ್ಕಾ ಉತ್ತರ ಕೊಡುತ್ತದೆ. ಅಲ್ಲಿಯ ರೇಷ್ಮೆ, ಬೆಳ್ಳಿ ತಂತಿಯ ಪಟ್ಟಿಗಳು ಕಿರಿದು, ಬೆರಳಗಲದ ಒಳಗಿನವೇ ಹೆಚ್ಚು. ನಿಮ್ಮ 14 ಮಿ.ಮೀ. ಸರಿಯಾದ ಅಗಲ. ನಾಲ್ಕು ಬೆರಳಿನಷ್ಟು ಅಗಲದ ಪಟ್ಟಿಯನ್ನು ಕೆಳಗಿನ ಅಂಚಿಗೆ ಸುತ್ತ ಹೊಲಿಯುವುದು ಇತ್ತೀಚಿನ ವೇಷಭೂಷಣದ ಅಭ್ಯಾಸ. ಕೆಳಗಿನ ಅಂಚು ನೆಲಕ್ಕೆ, ಕೆಸರಿಗೆ ತಾಗಿ ಮೊದಲು ಸವೆಯುವ ಜಾಗ. ಇಷ್ಟು ಶ್ರಮದ ನೇಯ್ಗೆಯನ್ನು, ಅದರಲ್ಲೂ ಮಗುವಿನ ಅಂಗಿಯಲ್ಲಿ, ಅಲ್ಲಿಗೆ ಹಾಕುವುದು ನನಗಂತೂ ಒಪ್ಪುವುದಿಲ್ಲ. ಟಗರಿನ ಕೊಂಬು ಅನಟೋಲಿಯದ (ಈಗಿನ ಟರ್ಕಿ) ಪಟ್ಟಿಗಳಲ್ಲಿ ಬಳಕೆಯಲ್ಲಿರುವ ವಿನ್ಯಾಸ, ವೈಕಿಂಗ್ ಎಂಬ ಚೀಟಿ ಅಂಟಿಸಿ ಇಂಟರ್ನೆಟ್ಟಿನಲ್ಲಿ ಓಡಾಡುತ್ತಿದೆ. ಮಕ್ಕಳಿಗೆ ಬೇಸರ ಆಗಬಹುದು, ಆದರೂ ಬಿಡಿ. ಲಾಳಿಯವರು ಕೊಟ್ಟ ಓರೆಗೆರೆ, ವಜ್ರಾಕಾರ ನಿಲ್ಲುತ್ತದೆ.

ಮಗುವಿನ ಉಡುಪಿನಲ್ಲೇ ಕಾರ್ಡ್ ನೇಯ್ಗೆ ಉಳಿದ ಒಂದು ಸೊಗಸಾದ ವಸ್ತು ಉಂಟು, ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪದ ಟೊಪ್ಪಿಗೆ. 1867ರಲ್ಲಿ ಜವುಗು ಮಣ್ಣಿನಲ್ಲಿ ಸಿಕ್ಕಿತು, ಈಗ ಎಡಿನ್‌ಬರೋದ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಕಾರ್ಬನ್ ಪರೀಕ್ಷೆಯ ಪ್ರಕಾರ ಕ್ರಿ.ಶ. 250ರಿಂದ 615ರ ನಡುವಿನದು. ತಲೆಯ ಭಾಗ ಮೀನಿನ ಮುಳ್ಳಿನ ಹೆಣಿಗೆಯಂತೆ ಕಾಣುವ ಉಣ್ಣೆ ಬಟ್ಟೆ, ಕೆಳಗೆ ಕಾರ್ಡ್ ನೇಯ್ಗೆಯ ಪಟ್ಟಿಗಳು, ಅದರಿಂದ ಇಳಿಬಿದ್ದ ಉದ್ದನೆಯ ಕುಚ್ಚು. ಅಳತೆ ಮಗುವಿನ ತಲೆಯದ್ದು. ಇದು ನಿಮ್ಮ 9ನೇ ಶತಮಾನಕ್ಕಿಂತ ಹಿಂದಿನದ್ದು, ಹಾಗಾಗಿ ಅಂಗಿಯ ಜೊತೆ ತೊಡಿಸಬೇಡಿ. ಪಕ್ಕದಲ್ಲಿ ಚಿತ್ರವಾಗಿ ಇಟ್ಟರೆ ಪ್ರದರ್ಶನಕ್ಕೆ ಬಲ ಬರುತ್ತದೆ.

ಕಾರ್ಡುಗಳದ್ದೇ ಸಾಕ್ಷಿ ಬೇಕಾದರೆ ನಾರ್ವೆಯ ಓಸೆಬರ್ಗ್. ಕ್ರಿ.ಶ. 834ರಲ್ಲಿ ಇಬ್ಬರು ಹೆಂಗಸರ ಜೊತೆ ಹೂಳಿದ ಹಡಗು ಅದು, 1904ರಲ್ಲಿ ಅಗೆದರು. ಅದರೊಳಗೆ ಅರ್ಧ ನೇಯ್ದ ಪಟ್ಟಿ ಇನ್ನೂ ಅಂಟಿಕೊಂಡಿದ್ದ 52 ಮರದ ಕಾರ್ಡು ಸಿಕ್ಕವು. ನಿಮ್ಮ ಇಸ್ಪೀಟ್ ಎಲೆಗಳ ಪಕ್ಕ ನಾಲ್ಕು ಮರದ ಕಾರ್ಡು ಮಾಡಿ ಇಡಿ, 3 ಮಿ.ಮೀ. ಪ್ಲೈವುಡ್ ಸಾಕು.

ಟಕ್ಕಿನ ಬಗ್ಗೆ ಮಾತ್ರ ಒಂದು ತಕರಾರು. ಸೊಂಟದ ಟಕ್ಕು ಚೆನ್ನಾಗಿ ಉಳಿದು ಬಂದಿರುವುದು ಈಜಿಪ್ಟಿನ ಒಣ ಮರಳಿನ ಗೋರಿಗಳ ಅಂಗಿಗಳಲ್ಲಿ. ಅಲ್ಲಿ ಮಕ್ಕಳ ಅಂಗಿಯನ್ನೂ ಒಂದು ತೋಳಿನಿಂದ ಇನ್ನೊಂದು ತೋಳಿನ ತನಕ ಒಂದೇ ತುಂಡಾಗಿ ಮಗ್ಗದಲ್ಲೇ ನೇಯುತ್ತಿದ್ದರು, ಅಲಂಕಾರವೂ ನೇಯ್ಗೆಯೊಳಗೇ. ಕೆಲವಕ್ಕೆ ಟೊಪ್ಪಿಗೆಯೂ ಸೇರಿಕೊಂಡಿದೆ. ಅದು ಬೇರೆ ಸಂಪ್ರದಾಯ. ಸ್ಕ್ಯಾಂಡಿನೇವಿಯಾದ ಅಂಗಿಗೆ ಟಕ್ಕು ಹಾಕಿದರೆ ಫಲಕದಲ್ಲಿ ಅದನ್ನು ಈಜಿಪ್ಟಿನ ಮಾದರಿ ಎಂದೇ ಬರೆಯಿರಿ.

ಚೌಕ ಕೊರಳು ಒಳ್ಳೆಯ ಆಯ್ಕೆ. ಡೆನ್ಮಾರ್ಕಿನ ವಿಬೋರ್ಗ್‌ನಲ್ಲಿ ಸಿಕ್ಕ 11ನೇ ಶತಮಾನದ ಲಿನನ್ ಅಂಗಿಯ ಕೊರಳು ಚೌಕವೇ. ಅದು ದೊಡ್ಡವರದ್ದು, ನಿಮ್ಮ ಕಾಲಕ್ಕಿಂತ ಸ್ವಲ್ಪ ಈಚಿನದ್ದು, ಆದರೂ ಗ್ರೀನ್‌ಲೆಂಡಿನ 14ನೇ ಶತಮಾನದ ಅಂಗಿಗಳ ಕತ್ತರಿಕೆ ನಕಲು ಮಾಡುವುದಕ್ಕಿಂತ ಎಷ್ಟೋ ವಾಸಿ. ಲಿನನ್ ಉಡುತ್ತಿದ್ದರು, ಆದ್ದರಿಂದ ಉಡುಪಿಯ ಸೆಕೆಯಲ್ಲಿ ಮಗುವಿಗೆ ಉಣ್ಣೆ ಹೊದಿಸಬೇಕಾಗಿಲ್ಲ. ಹತ್ತಿ ಮಾತ್ರ ಆ ಕಾಲದಲ್ಲಿ ಅಲ್ಲಿಯ ಉಡುಪಿನದ್ದಲ್ಲ. ಹತ್ತಿ ನೂಲಿನಲ್ಲಿ ಕೈ ಪಳಗಿಸಿ, ಕೊನೆಯ ಪಟ್ಟಿಯನ್ನು ಎರಡೆಳೆಯ ಬಿಗಿ ಹುರಿಯ ಉಣ್ಣೆಯಲ್ಲಿ ನೇಯಿರಿ.

ಕತ್ತರಿ, ಕುದ್ರೋಳಿ

ಫಲಕದಲ್ಲಿ ಬರೆಯುವುದಕ್ಕೆ ನನ್ನದೇನೂ ಅಡ್ಡಿ ಇಲ್ಲ. ಟಕ್ಕು ಬೇಡವಾದರೆ ಮೈಯ ಉದ್ದ 162ರ ಬದಲು 146 ಸಾಕು. ಆದರೆ ಈ ಅಂಗಿ ಮುಂದಿನ ವರ್ಷ ಬೇರೆ ಮಗುವಿಗೆ ಬರಬೇಕಾದರೆ ಟಕ್ಕು ಇದ್ದರೇ ಒಳ್ಳೆಯದು. ಸುಮ್ಮನೆ ಉದ್ದ ಬಿಟ್ಟರೆ ಮಗು ಎಡವಿ ಬೀಳುತ್ತದೆ.

ಸೂಜಿದಾರ, ಉಡುಪಿ

ತುಂಬಾ ಉಪಕಾರವಾಯಿತು. ಮಗುಚಿದ ಮೇಲೆ ಪಟ್ಟಿ ನೆಟ್ಟಗೆ ಬರುತ್ತಿದೆ. ಟಗರಿನ ಕೊಂಬು ಬಿಟ್ಟೆವು, ಕೆಳಗಿನ ಅಂಚಿನ ಪಟ್ಟಿಯೂ ಇಲ್ಲ. ಟಕ್ಕು ಇರಲಿ, ಫಲಕದಲ್ಲಿ ಬರೆಯುತ್ತೇವೆ.

ಇನ್ನು ಮೂರೇ ಪ್ರಶ್ನೆ. ಅಂಗಡಿಯ ಉಲ್ಲನ್ ನೂಲು ಕಾರ್ಡಿನಲ್ಲಿ ಹಿಂಜಿಹೋಗುತ್ತದೆ, ಎಂತದ್ದು ತರಬೇಕು? ಕೆಂಪು ಬಣ್ಣವನ್ನು ಮಂಜಿಷ್ಠದಿಂದ ಮಾಡಿದರೆ ಆ ಕಾಲಕ್ಕೆ ಹೊಂದುತ್ತದೆಯೇ? ನಡುವೆ ಜರಿ ಸೇರಿಸಬಹುದೇ?

ಲಾಳಿ, ಕಿನ್ನಿಗೋಳಿ

ಸ್ವೆಟರ್ ಹೆಣೆಯುವ ಉಲ್ಲನ್ ಹೆಚ್ಚಿನದ್ದು ಅಕ್ರಿಲಿಕ್. ಸಡಿಲ ಹುರಿ, ರಬ್ಬರಿನಂತೆ ಎಳೆಯುತ್ತದೆ, ಬಣ್ಣವೂ ಹಿಡಿಯುವುದಿಲ್ಲ. ಒಂದು ಎಳೆ ಸುಟ್ಟು ನೋಡಿ: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ. ಉಣ್ಣೆ ಎಂದು ಖಾತ್ರಿಯಾದ ಮೇಲೆ ಎರಡು ಕಾರ್ಡಿನ ನಡುವೆ ಇಟ್ಟು ಇಪ್ಪತ್ತು ಸಲ ಉಜ್ಜಿ. ರೋಮ ಎದ್ದರೆ ಆ ನೂಲು ಬೇಡ. ಅಷ್ಟಿಷ್ಟು ಏಳುವುದಾದರೆ ಗಂಜಿ ತಿಳಿ ಹಚ್ಚಿ ಬಿಗಿಯಾಗಿ ಎಳೆದು ಒಣಗಿಸಿದರೆ ಕೂರುತ್ತದೆ, ನೇಯ್ದ ಮೇಲೆ ತೊಳೆದುಬಿಡಿ.

ಮಂಜಿಷ್ಠ ಧಾರಾಳವಾಗಿ ಬಳಸಿ. ಯುರೋಪಿನಲ್ಲಿ ಕೆಂಪಿಗೆ ಬಳಸುತ್ತಿದ್ದ ಮ್ಯಾಡರ್ ಗಿಡದ ಬೇರು ಅದೇ ಕುಲದ್ದು. ನೀಲಿಗೆ ಅವರು ವೋಡ್ ಎಂಬ ಗಿಡ ಬಳಸುತ್ತಿದ್ದರು. ಅದರ ಬಣ್ಣದ ಸಾರ ನಮ್ಮ ನೀಲಿಗಿಡದ್ದೇ ಆದ್ದರಿಂದ ನೀಲಿ ಪುಡಿ ಹೊಂದುತ್ತದೆ. ಅರಿಶಿನ ಬೇಡ, ಬಿಸಿಲಿಗೆ ಬೇಗ ಮಾಸುತ್ತದೆ.

50 ಗ್ರಾಂ ಉಣ್ಣೆಗೆ ಪಟಿಕ 7ರಿಂದ 8 ಗ್ರಾಂ, ಮಂಜಿಷ್ಠ ಪುಡಿ 50 ಗ್ರಾಂ. ಎರಡೂ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ನೂಲನ್ನು ಸಡಿಲ ಲಡಿ ಮಾಡಿ, ನಾಲ್ಕು ಕಡೆ ಕಟ್ಟಿ, ಒಂದು ಗಂಟೆ ನೀರಿನಲ್ಲಿ ನೆನೆಸಿ. ಪಟಿಕದ ನೀರಿನಲ್ಲಿ ಹಾಕಿ ನಿಧಾನ ಬಿಸಿ ಮಾಡಿ, ಕುದಿಯಬಾರದು, ಒಂದು ಗಂಟೆ ಇಟ್ಟು ಅದರಲ್ಲೇ ಆರಲು ಬಿಡಿ. ಮಂಜಿಷ್ಠವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂದಿನ ರಾತ್ರಿಯೇ ನೆನೆಹಾಕಿ. ಮರುದಿನ ಅದೇ ನೀರಿಗೆ ನೂಲು ಹಾಕಿ ಕೈ ಬಿಸಿಯಿಂದ ಶುರುಮಾಡಿ ನಿಧಾನಕ್ಕೆ ಏರಿಸಿ, 70 ಡಿಗ್ರಿ ದಾಟಿಸಬೇಡಿ. ದಾಟಿದರೆ ಕೆಂಪು ಹೋಗಿ ಇಟ್ಟಿಗೆಯ ಕಂದು ಬರುತ್ತದೆ. ತಣ್ಣೀರಿನಿಂದ ಬಿಸಿನೀರಿಗೆ ಎತ್ತಿ ಹಾಕಿದರೆ ಉಣ್ಣೆ ಜಡ್ಡುಗಟ್ಟುತ್ತದೆ, ಹಾಗಾಗಿ ಬಿಸಿಯನ್ನು ನೀರಿನೊಂದಿಗೇ ಏರಿಸಬೇಕು, ನೀರಿನೊಂದಿಗೇ ಇಳಿಸಬೇಕು.

ನೀರು ನೋಡಿಕೊಳ್ಳಿ. ನಮ್ಮ ಮುರಕಲ್ಲಿನ ಬಾವಿಗಳಲ್ಲಿ ಕಬ್ಬಿಣದ ಅಂಶ ಇದ್ದರೆ ಕೆಂಪು ಮಂಕಾಗುತ್ತದೆ. ಬಕೆಟಿನ ತಳದಲ್ಲಿ ತುಕ್ಕಿನ ಬಣ್ಣದ ಗಸಿ ಕೂರುವ ನೀರು ಬೇಡವೇ ಬೇಡ. ಮಳೆನೀರು ಹಿಡಿದಿಟ್ಟರೆ ಉತ್ತಮ. ಪಾತ್ರೆ ಸ್ಟೀಲಿನದ್ದು, ಕಬ್ಬಿಣದ ಬಾಣಲೆ ಬೇಡ. ಅಡುಗೆಗೆ ಮತ್ತೆ ಬಳಸಬೇಡಿ.

ಕೈ ಪಳಗಿಸುವ ಹತ್ತಿ ನೂಲಿಗೂ ಇದೇ ಬಣ್ಣ ಬೇಕಾದರೆ ಪಟಿಕಕ್ಕೆ ಮೊದಲು ಅಳಲೆಕಾಯಿಯ ನೀರಿನಲ್ಲಿ ಒಂದು ರಾತ್ರಿ ಅದ್ದಿಡಬೇಕು, 50 ಗ್ರಾಂ ನೂಲಿಗೆ 10 ಗ್ರಾಂ ಪುಡಿ. ಹತ್ತಿಗೆ ಪಟಿಕ ಒಂದೇ ನಿಲ್ಲುವುದಿಲ್ಲ.

ಬಿಳಿಯ ಜೊತೆ ನೇಯುವ ಮೊದಲು ಕೆಂಪು ನೂಲನ್ನು ನೀರು ತಿಳಿಯಾಗುವ ತನಕ ತೊಳೆಯಿರಿ. ಒದ್ದೆ ಕೆಂಪು ನೂಲನ್ನು ಬಿಳಿ ಬಟ್ಟೆಯಲ್ಲಿ ಒತ್ತಿ ಹಿಡಿದು ಬಣ್ಣ ಹತ್ತುತ್ತದೋ ನೋಡಿ, ಹತ್ತಿದರೆ ಇನ್ನೊಮ್ಮೆ ತೊಳೆಯಿರಿ.

ಹಳೆಬಟ್ಟೆ, ಮಣಿಪಾಲ

ಜರಿಗೆ ಆಧಾರ ಉಂಟು. ಬಿರ್ಕಾದ ಪಟ್ಟಿಗಳಲ್ಲಿ ಬೆಳ್ಳಿ ತಂತಿ ಹೆಚ್ಚುವರಿ ಹೊಕ್ಕಾಗಿ ಮೇಲ್ಮೈಯಲ್ಲಿ ಮಾತ್ರ ಓಡುತ್ತದೆ, ಅಲ್ಲಲ್ಲಿ ಹಾಸಿನ ಎಳೆ ಅದನ್ನು ಒತ್ತಿ ಹಿಡಿಯುತ್ತದೆ. ಇಂಗ್ಲೆಂಡಿನಲ್ಲಿ 909ರಿಂದ 916ರ ನಡುವೆ ರಾಣಿ ಆಲ್ಫ್‌ಫ್ಲೆಡ್ ಬಿಷಪ್ ಫ್ರಿಥೆಸ್ಟಾನನಿಗಾಗಿ ಮಾಡಿಸಿದ, ಈಗ ಡರ್ಹಾಮಿನಲ್ಲಿರುವ ಉಡುಪುಗಳಲ್ಲಂತೂ ಚಿನ್ನದ ಎಳೆಯೇ ಇದೆ. ಆದರೆ ಅವು ಅರಮನೆ, ಇಗರ್ಜಿಯ ವಸ್ತುಗಳು. ಓಡಾಡುವ ಮಗುವಿಗೆ ನಾನಂತೂ ಹಾಕುವುದಿಲ್ಲ. ಕಡಲ ಗಾಳಿಗೆ ಲೋಹದ ಜರಿ ಬೇಗ ಕಪ್ಪಾಗುತ್ತದೆ, ಮಡಚಿದ ಮೂಲೆಯಲ್ಲಿ ಕಡಿದು ಚರ್ಮಕ್ಕೆ ಚುಚ್ಚುತ್ತದೆ. ತೋರಿಸಲೇಬೇಕಾದರೆ ಬೇರೆಯೇ ಒಂದು ಗೇಣುದ್ದದ ಮಾದರಿ ನೇಯ್ದು ಪಕ್ಕದಲ್ಲಿಡಿ.

ಆ ಕಾಲದಲ್ಲಿ ಬಟ್ಟೆಗೆ ಎಷ್ಟು ಬೆಲೆ ಇತ್ತೆಂದು ಮಕ್ಕಳಿಗೆ ಹೇಳಲು ಜರ್ಮನಿಯ ಬೆರ್ನುತ್ಸ್‌ಫೆಲ್ಡ್‌ನ ಅಂಗಿಯ ಚಿತ್ರ ಇಡಬಹುದು. 1907ರಲ್ಲಿ ಜವುಗಿನಲ್ಲಿ ಸಿಕ್ಕಿದ್ದು, ನಲವತ್ತಕ್ಕೂ ಹೆಚ್ಚು ತುಂಡು ಸೇರಿಸಿ ಹೊಲಿದದ್ದು.

ಕತ್ತರಿ, ಕುದ್ರೋಳಿ

ಹೊಲಿಯುವಾಗ ಪಟ್ಟಿಯನ್ನು ಎಳೆಯಬೇಡಿ. ಮೇಜಿನ ಮೇಲೆ ಅಂಗಿ ಹರಡಿ, ಪಟ್ಟಿಯನ್ನು ಅದರ ಮೇಲೆ ಸುಮ್ಮನೆ ಮಲಗಿಸಿ, 3 ಸೆಂ.ಮೀ.ಗೊಂದು ಪಿನ್ನು. ಮೊದಲು ಬಟ್ಟೆಯ ಅಂಚಿನ ಬದಿ, ಆಮೇಲೆ ಒಳಬದಿ, ಎರಡೂ ಕೈಯಿಂದ ಹೆಮ್ಮಿಂಗ್. ಸೂಜಿ ಅಂಚಿನ ಹುರಿಯ ಅಡಿಯಿಂದ ಹೋಗಬೇಕು, ಹುರಿಯನ್ನು ಸೀಳಿಕೊಂಡು ಹೋಗಬಾರದು. ಮೆಷಿನ್ ಹೊಲಿಗೆ ಬೇಡ, ಅದು ಹುರಿ ಸೀಳುತ್ತದೆ, ಬಿಚ್ಚಲೂ ಕಷ್ಟ.

ಪಟ್ಟಿ ಕತ್ತರಿಸುವ ಮೊದಲು ಕತ್ತರಿ ಬೀಳುವ ಜಾಗದ ಆಚೆ ಈಚೆ ಅಡ್ಡಲಾಗಿ ದಾರದಿಂದ ಎರಡು ಸಾಲು ಹೊಲಿದು ನಡುವೆ ಕತ್ತರಿ ಹಾಕಿ. ಇಲ್ಲದಿದ್ದರೆ 14 ಹುರಿಯೂ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. ತೋಳಿನ ಬಾಯಿಯಲ್ಲಿ ತುದಿಗಳ ಜೋಡಣೆ ಕೆಳಗಿನ ಹೊಲಿಗೆಯ ಮೇಲೆ ಬರಲಿ. ಸೀಳಿನ ತಳದಲ್ಲಿ ಎರಡು ಪಟ್ಟಿ ಸೇರುವ ಜಾಗಕ್ಕೆ ಅಡ್ಡಲಾಗಿ ನಾಲ್ಕು ಗಟ್ಟಿ ಹೊಲಿಗೆ ಹಾಕಿ. ತಲೆ ತೂರಿಸುವಾಗ ಮೊದಲು ಹರಿಯುವುದು ಅಲ್ಲಿಯೇ.